ಯಾವ ನಂಬರು ಕೊಡಲಿ?

ಕೋವಿ ಅಂಗಡಿಯ ಗಲ್ಲಾದ ಹಿಂದೆ ನಿಂತವನು ಗಿರಾಕಿಗೆ ಕೇಳುವ ನಿಜವಾದ ಪ್ರಶ್ನೆ ಒಂದೇ: ‘ಯಾವ ನಂಬರು ಕೊಡಲಿ?’ ಉಳಿದದ್ದೆಲ್ಲ ಕಾಗದದ ಕೆಲಸ. ಲೈಸೆನ್ಸ್ ಪುಸ್ತಕ ತಿರುವಿ ಕೋವಿಯ ನಂಬರು, ವಾಯಿದೆ ನೋಡಬೇಕು. ಎಷ್ಟು ತೋಟಾ ಮಂಜೂರಾಗಿದೆ, ಈಗಾಗಲೇ ಎಷ್ಟು ಒಯ್ದಿದ್ದಾನೆ ಎಂದು ಕೂಡಿ ಕಳೆಯಬೇಕು. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಪುಸ್ತಕದಲ್ಲಿ ಬರೆದು ಸೀಲು ಒತ್ತಬೇಕು. ಮೈಸೂರಿನ ಒಂದು ಅಂಗಡಿಯಲ್ಲಿ ಪ್ರಾಯವೆಲ್ಲ ಈ ಕೆಲಸ ಮಾಡಿ, ಈಗ ಗುರುಪುರದ ಮಗ್ಗುಲಿನ ನಮ್ಮೂರಲ್ಲಿ ಅಪ್ಪ ಬಿಟ್ಟುಹೋದ ಹೊಲ ನೋಡಿಕೊಂಡಿದ್ದೇನೆ. ಒಂದು ಕಡೆ ನಾಗರಹೊಳೆ ಕಾಡು, ಇನ್ನೊಂದು ಕಡೆ ಟಿಬೆಟನ್ ಕ್ಯಾಂಪು. ಗಾಳಿ ಇತ್ತ ಬೀಸಿದರೆ ಬೆಳಗಿನ ಜಾವ ಗ್ಯುದ್ಮೇದ್ ಮಠದ ಲಾಮಾಗಳ ತಗ್ಗುದನಿಯ ಮಂತ್ರ ನಮ್ಮ ಜಗುಲಿಗೂ ಕೇಳುತ್ತದೆ. ಕೊಲ್ಲುವ ಸಾಮಾನು ಮಾರಿ ಬದುಕಿದವನಿಗೆ ಇದು ಒಳ್ಳೆಯ ನೆರೆಯೋ ಕಷ್ಟದ ನೆರೆಯೋ ಹೇಳಲಾರೆ. ಹಿಂಸೆ ಶುರುವಾಗುವುದು ಎಲ್ಲಿ ಎಂಬ ಪ್ರಶ್ನೆಯಂತೂ ಬೆನ್ನು ಬಿಟ್ಟಿಲ್ಲ.

ಪಾಪದ ಮಾತು ಬಂದರೆ ಎಲ್ಲರೂ ಟ್ರಿಗರ್ ಎಳೆಯುವ ಬೆರಳಿನ ವಿಚಾರ ಎತ್ತುತ್ತಾರೆ. ಬೆರಳಿನ ಸರದಿ ಬರುವುದು ಕೊನೆಗೆ. ಅದಕ್ಕೂ ಎಷ್ಟೋ ದಿನ ಮುಂಚೆ, ಪೇಟೆಯಲ್ಲಿ, ಹಗಲಿನಲ್ಲಿ, ಮುಂದೆ ಯಾವ ಪ್ರಾಣಿಯೂ ಇಲ್ಲದಾಗ, ಕೋಪವೂ ಭಯವೂ ಇಲ್ಲದ ತಣ್ಣಗಿನ ಮನಸ್ಸಿನಲ್ಲಿ ಒಬ್ಬ ಮನುಷ್ಯ ಒಂದು ನಂಬರು ಹೇಳುತ್ತಾನೆ. ನನ್ನ ಅನುಭವದಲ್ಲಿ ಮುಕ್ಕಾಲು ತೀರ್ಮಾನ ಅಲ್ಲಿಗೇ ಆಗಿಹೋಗಿರುತ್ತದೆ. ಇದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿದೆ.

ನಂಬರು ಎಂದರೇನು ಎಂಬುದು ಕೋವಿ ಹಿಡಿಯದವರಿಗೆ ಗೊತ್ತಿರುವುದಿಲ್ಲ. ನಮ್ಮ ಕಡೆ ರೈತರ ಹತ್ತಿರ ಇರುವುದು ಹೆಚ್ಚಾಗಿ ಹನ್ನೆರಡು ಬೋರಿನ ಒಂಟಿ ನಳಿಗೆ ಇಲ್ಲವೇ ಜೋಡಿ ನಳಿಗೆ. ಲೈಸೆನ್ಸಿನಲ್ಲಿ ಎಸ್‌ಬಿಬಿಎಲ್, ಡಿಬಿಬಿಎಲ್ ಎಂದು ಬರೆದಿರುತ್ತದೆ. ಹಳಬರ ಮನೆಗಳಲ್ಲಿ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ನಳಿಗೆಯ ಬಾಯಿಗೆ ಸರಿಯಾಗಿ ಕೂರುವ ಸೀಸದ ಗುಂಡು ಹನ್ನೆರಡು ಸೇರಿ ಒಂದು ಪೌಂಡು ತೂಗಿದರೆ ಅದು ಹನ್ನೆರಡು ಬೋರು. ಇದಕ್ಕೆ ಹಾಕುವ ತೋಟಾ, ಪುಣೆಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ಇರಲಿ ಬೇರೆಯದಿರಲಿ, ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಗಾತ್ರ. ವ್ಯತ್ಯಾಸ ಇರುವುದು ಒಳಗಿನ ಚರೆಯಲ್ಲಿ. ಎಲ್‌ಜಿ ಎಂದರೆ ಔನ್ಸು ಸೀಸಕ್ಕೆ 6 ಚರೆ, ಎಸ್‌ಜಿ ಎಂದರೆ 8, ಬಿಬಿ ಎಂದರೆ 70, ನಾಲ್ಕನೇ ನಂಬರು 170, ಆರನೇ ನಂಬರು 270. ಎಲ್‌ಜಿ ಕೇಳಿದವನ ಮನಸ್ಸಿನಲ್ಲಿ ಹಂದಿ ಇದೆ, ಕಡವೆ ಇದೆ. ಆರು ಕೇಳಿದವನ ಮನಸ್ಸಿನಲ್ಲಿ ಕಾಡುಕೋಳಿ ಇದೆ. ಬಾಯಿಬಿಟ್ಟು ಹೇಳಬೇಕಾಗಿಲ್ಲ. ಲೈಸೆನ್ಸಿನಲ್ಲಿ ‘ಬೆಳೆ ರಕ್ಷಣೆಗೆ’ ಎಂದು ಬರೆದಿರಬಹುದು. ನಂಬರು ಬೇರೆ ಕತೆ ಹೇಳುತ್ತದೆ.

ತೋಳದ ಬೇಟೆಗೆ ಇನ್ನೂ ಅವಕಾಶ ಇರುವ ಚಳಿ ದೇಶಗಳಲ್ಲಿ ಈ ಆಯ್ಕೆ ಇನ್ನೂ ಸೂಕ್ಷ್ಮ. ಅಲ್ಲಿ ಚರೆಕೋವಿಗಿಂತ ರೈಫಲ್ ಹೆಚ್ಚು. ತೊಗಲಿಗಾಗಿ ಹೊಡೆಯುವವನು ಸಣ್ಣ ಕ್ಯಾಲಿಬರಿನ, ವೇಗದ ಗುಂಡು ಹುಡುಕುತ್ತಾನೆ, ರೋಮ ಕೆಡಬಾರದು ನೋಡಿ. ಕುರಿ ಕಾಯುವವನಿಗೆ ತೊಗಲಿನ ಚಿಂತೆ ಇಲ್ಲ, ಬಿದ್ದರೆ ಸಾಕು. ಮೋಜಿಗೆ ಬಂದವನು ಎಷ್ಟು ದೂರದಿಂದ ಹೊಡೆದೆ ಎಂದು ಹೇಳಿಕೊಳ್ಳಲು ಬೇಕಾದ್ದನ್ನು ಆರಿಸುತ್ತಾನೆ. ಪ್ರಾಣಿ ಒಂದೇ, ಸಾವೂ ಒಂದೇ. ಆಯ್ಕೆಯಲ್ಲಿ ಮೂವರ ಮನಸ್ಸೂ ಬೇರೆಬೇರೆಯಾಗಿ ಕಾಣುತ್ತದೆ.

ಗುಂಡಿನ ತುದಿಯಲ್ಲೂ ಒಂದು ಧರ್ಮಸಂಕಟ ಇದೆ. ಮೈಗೆ ತಾಗಿದೊಡನೆ ತುದಿ ಅರಳಿ ಅಗಲವಾಗುವ ಮೆತ್ತನೆ ಗುಂಡನ್ನು ಯುದ್ಧದಲ್ಲಿ ಬಳಸಬಾರದು ಎಂದು 1899ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಘೋಷಣೆ ಮಾಡಿದವು. ಕಲ್ಕತ್ತೆಯ ಹತ್ತಿರದ ಡಂಡಂ ಕಾರ್ಖಾನೆಯಿಂದಲೇ ಆ ಗುಂಡಿಗೆ ಹೆಸರು ಬಂದದ್ದು. ಅದೇ ಅರಳುವ ಗುಂಡನ್ನೇ ಬಳಸಬೇಕು ಎಂದು ಬ್ರಿಟನ್ನಿನಂಥ ಕಡೆ ಜಿಂಕೆ ಬೇಟೆಗೆ ಕಾನೂನಿದೆ. ಮನುಷ್ಯನಿಗೆ ಕ್ರೌರ್ಯವಾದದ್ದು ಪ್ರಾಣಿಗೆ ದಯೆ ಆದದ್ದು ಹೇಗೆ? ಗಾಯಗೊಂಡ ಸಿಪಾಯಿಯನ್ನು ಹೊತ್ತೊಯ್ಯಲು ಜನ ಇದ್ದಾರೆ, ಡಾಕ್ಟರಿದ್ದಾರೆ. ಅವನು ಬದುಕಿದರೂ ಯುದ್ಧದ ಕೆಲಸ ನಡೆಯುತ್ತದೆ. ಗಾಯಗೊಂಡ ಜಿಂಕೆಗೆ ಪೊದೆಯೊಂದೇ ಗತಿ. ಹಾಗಾಗಿ ಕೊಲ್ಲುವುದೇ ಆದರೆ ಒಂದೇ ಪೆಟ್ಟಿಗೆ ಕೊಲ್ಲು ಅನ್ನುವ ನ್ಯಾಯ. ಗುಂಡು ಹಾರಿದ ಮೇಲೆ ಏನಾಗುತ್ತದೆ ಎಂಬುದನ್ನು ಮೊದಲೇ ಯೋಚಿಸಿ ಹೇಳಿದ ಮಾತು ಇದು. ಈ ಯೋಚನೆ ನಮ್ಮ ಧರ್ಮಚರ್ಚೆಗಳಲ್ಲಿ ಕಡಿಮೆ ಎಂದು ನನಗೆ ಕಾಣುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಪಾಂಡವಪುರದ ಕಡೆಯ ಒಬ್ಬ ಕುರಿಗಾಹಿ ಅಂಗಡಿಗೆ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಅಣ್ಣನ ಹೆಸರಿನ ಲೈಸೆನ್ಸ್ ಪುಸ್ತಕ. ‘ಅಣ್ಣೋ, ತ್ವಾಳಕ್ಕೆ ಯಾವುದಾಯ್ತದೆ?’ ಎಂದ. ಹೇಗೂ ಅಣ್ಣನ ಲೈಸೆನ್ಸಿನ ಮೇಲೆ ತಮ್ಮನಿಗೆ ತೋಟಾ ಕೊಡುವಂತಿಲ್ಲ. ತೋಳಕ್ಕೆ ಎಂದು ಕೇಳಿದರೆ ಯಾರಿಗೂ ಕೊಡುವಂತಿಲ್ಲ. ತೋಳ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲಿನ ಪ್ರಾಣಿ. ಅವನ ಕುರಿ ಮೇಯುವ ಸೀಮೆಗೆ ಹತ್ತಿರದಲ್ಲೇ ಮೇಲುಕೋಟೆಯಲ್ಲಿ 1974ರಲ್ಲಿ ವನ್ಯಧಾಮ ಮಾಡಿದ್ದು ಮುಖ್ಯವಾಗಿ ತೋಳಕ್ಕಾಗಿಯೇ. ಇದನ್ನೆಲ್ಲ ಹೇಳಿದೆ. ಅವನಿಗೆ ಸಿಟ್ಟು ಬರಲಿಲ್ಲ. ‘ಅದಕ್ಕೂ ಮರಿ ಅವೆ, ಗೊತ್ತು. ನನಗೂ ಅವೆ. ಅದು ಒಂದ್ ಮರಿ ಹೊತ್ಕಂಡೋದ್ರೆ ಪಾಲು ಅಂತ ಬುಡ್ತೀವಿ. ಒಂದೇ ರಾತ್ರಿಲಿ ಹಟ್ಟಿಗೆ ನುಗ್ಗಿ ಹತ್ತು ಕುಯ್ದಾಕುದ್ರೆ ಏನು ಮಾಡನಣ್ಣ?’ ಎಂದ. ನನ್ನಲ್ಲಿ ಉತ್ತರ ಇರಲಿಲ್ಲ. ಅವನ ಮಾತಿನಲ್ಲಿ ಎಷ್ಟೋ ಧರ್ಮಗ್ರಂಥಗಳಲ್ಲಿ ಇಲ್ಲದ ಒಂದು ಲೆಕ್ಕ ಇತ್ತು: ಎಲ್ಲಿಯವರೆಗೆ ಪಾಲು, ಎಲ್ಲಿಂದಾಚೆ ನಷ್ಟ.

ಸರ್ಕಾರದ ಲೆಕ್ಕ ಒಂದು ಕಾಲಕ್ಕೆ ತಿರುಗಾಮುರುಗಾ ಇತ್ತು. ಬ್ರಿಟಿಷರ ಆಡಳಿತ ಕೊಂದವರಿಗೆ ಇನಾಮು ಕೊಡುತ್ತಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಅಂದಾಜಿನಲ್ಲಿ 1875ರಿಂದ 1925ರವರೆಗಿನ ಐವತ್ತು ವರ್ಷದಲ್ಲಿ ಸತ್ತದ್ದು 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000 ತೋಳ. ನಮ್ಮ ಕಾಡಿನ ಸೀಳುನಾಯಿಯ ತಲೆಗೂ ಬೆಲೆ ಇತ್ತು. ಕೃಪಾಕರ–ಸೇನಾನಿ ಬಂಡೀಪುರದಲ್ಲಿ ವರ್ಷಗಟ್ಟಲೆ ಅವುಗಳ ಹಿಂದೆ ಅಲೆದು ಚಿತ್ರ ಮಾಡಿದ ಮೇಲೆ ಈಗ ಸಫಾರಿಗೆ ಬಂದವರು ಸೀಳುನಾಯಿ ಕಂಡರೆ ಪುಣ್ಯ ಅನ್ನುತ್ತಾರೆ. ಅಂದು ಇನಾಮು ತಂದ ಈಡಿಗೆ ಇಂದು ಜೈಲು. ಕಾನೂನು ಇಷ್ಟು ಹೊರಳುವಾಗ ಪಾಪ ಪುಣ್ಯವೂ ಅದರ ಜೊತೆಗೆ ಹೊರಳುತ್ತದೆಯೇ? ಇಲ್ಲ ಎನ್ನುವುದಾದರೆ ಅಳೆಯಲು ಬೇರೆ ಕೋಲು ಬೇಕು.

ಆ ಕೋಲು ಕನ್ನಡದಲ್ಲಿ ಎಂಟುನೂರು ವರ್ಷದ ಹಿಂದೆಯೇ ಇದೆ. ಹೊಯ್ಸಳರ ಕಾಲದ ಜನ್ನ ಕವಿ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಯಶೋಧರ ರಾಜ ಪ್ರಾಣಿ ಬಲಿ ಕೊಡಲು ಒಪ್ಪುವುದಿಲ್ಲ. ತಾಯಿ ಚಂದ್ರಮತಿ ಬಿಡುವುದಿಲ್ಲ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನಲ್ಲಿ ಕೋಳಿ ಮಾಡಿ ಅದನ್ನು ಕಡಿಯುವುದು. ರಕ್ತ ಇಲ್ಲ, ಜೀವ ಇಲ್ಲ, ದೇವಿಗೂ ಸಮಾಧಾನ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ, ಒಬ್ಬರ ಬಾಯಿಗೆ ಒಬ್ಬರು ಬಿದ್ದು, ಜನ್ಮಜನ್ಮ ಅಲೆಯುತ್ತಾರೆ. ಸತ್ತದ್ದು ಏನೂ ಇಲ್ಲ. ಆದರೂ ಕೊಲೆ ನಡೆದುಹೋಗಿದೆ, ಕೈ ಎತ್ತುವ ಮೊದಲೇ ಮನಸ್ಸು ಕೋಳಿಯನ್ನು ಆರಿಸಿ, ರೂಪ ಕೊಟ್ಟು, ಕುತ್ತಿಗೆ ಎಲ್ಲಿದೆ ಎಂದು ಗುರುತು ಹಾಕಿಕೊಂಡಿದೆ ನೋಡಿ. ಎಲ್‌ಜಿ ತೋಟಾ ಕೊಂಡು ಬೀರುವಿನಲ್ಲಿ ಇಟ್ಟು, ಒಂದು ಸಲವೂ ಹಾರಿಸದೆ ಸತ್ತವರನ್ನು ನಾನು ಬಲ್ಲೆ. ಜನ್ನನನ್ನು ಕೇಳಿದರೆ ಅವರನ್ನು ಪೂರ್ತಿ ಬಿಡುಗಡೆ ಮಾಡುತ್ತಿದ್ದ ಎಂದು ನನಗೆ ಅನ್ನಿಸುವುದಿಲ್ಲ.

ಬೌದ್ಧರ ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ ಇದೇ ವಾದ ಬರುತ್ತದೆ. ಕಾಯ, ಮಾತು, ಮನಸ್ಸು ಈ ಮೂರರಲ್ಲಿ ಯಾವುದರ ತಪ್ಪು ದೊಡ್ಡದು? ಕಾಯದ್ದು ಎಂದು ನಿಗಂಠರ, ಅಂದರೆ ಜೈನರ, ಪಕ್ಷ. ಮನಸ್ಸಿನದು ಎಂದು ಬುದ್ಧನ ಪಕ್ಷ. ಸುತ್ತದಲ್ಲಿ ಗೆಲ್ಲುವುದು ಬುದ್ಧನೇ. ಬರೆದವರು ಅವನ ಕಡೆಯವರು. ಹಿಟ್ಟಿನ ಕೋಳಿಯ ಕತೆ ಓದಿದ ಕನ್ನಡಿಗನಿಗೆ ಮಾತ್ರ ಈ ಪಂದ್ಯ ಸ್ವಲ್ಪ ಸುಲಭದ್ದು ಅನ್ನಿಸುತ್ತದೆ. ಮನಸ್ಸಿನ ಹಿಂಸೆಯನ್ನು ಜೈನ ಕವಿಗಿಂತ ಕಟುವಾಗಿ ಹೇಳಿದವರು ಯಾರು? ಜೈನ ಶಾಸ್ತ್ರವಂತೂ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಬೇಕೆಂದೇ ಮಾಡುವುದು, ಅಡುಗೆ ಮನೆವಾರ್ತೆಯಲ್ಲಿ ಆಗುವುದು, ಕಸುಬಿನಲ್ಲಿ ಆಗುವುದು, ಮೈಮೇಲೆ ಬಂದವರನ್ನು ತಡೆಯುವಾಗ ಆಗುವುದು. ಗೃಹಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು. ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಬೇಕು. ನಮ್ಮ ವನ್ಯಜೀವಿ ಕಾಯ್ದೆಯ 11ನೇ ಕಲಮು ಕೂಡ ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದ್ಭಾವನೆಯಿಂದ ಕೊಂದರೆ ಅಪರಾಧವಲ್ಲ ಅನ್ನುತ್ತದೆ. ಸದ್ಭಾವನೆ ಇತ್ತೋ ಇಲ್ಲವೋ ಎಂದು ಕೋರ್ಟು ಕೂಡ ಕೊನೆಗೆ ಮನಸ್ಸಿನೊಳಗೇ ಇಣುಕಬೇಕು.

ಎಲ್ಲವೂ ಮನಸ್ಸೇ ಎಂದುಬಿಟ್ಟರೆ ನಮ್ಮ ಊರಿನವರಿಗೆ ಬಹಳ ಅನುಕೂಲ. ಅಂಗಡಿಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ‘ಹೆದರಿಸೋಕೆ ಅಷ್ಟೇ ಕಣಣ್ಣ’ ಎಂಬುದು. ಆನೆ ಹೆದರಿಸೋಕೆ ನಾಲ್ಕನೇ ನಂಬರು ಸಾಕು, ಅದರ ಚರ್ಮಕ್ಕೆ ಏನೂ ಆಗಲ್ಲ ಎಂಬ ನಂಬಿಕೆ. ಕೊಲ್ಲುವ ಮನಸ್ಸು ಇಲ್ಲ, ನಿಜ. ಆದರೆ ಸಣ್ಣ ಚರೆ ದೊಡ್ಡ ಮೈಗೆ ಬಿದ್ದರೆ ಪ್ರಾಣ ತೆಗೆಯುವುದಿಲ್ಲ, ಒಳಗೆ ಕೂತು ಕೀವಾಗುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ನೋವು ತಿಂದ ಆನೆ ಹೆದರಿ ದೂರ ಹೋಗುವ ಬದಲು ಮನುಷ್ಯನ ವಾಸನೆ ಬಂದೊಡನೆ ಅಟ್ಟಿಸಿಕೊಂಡು ಬರುವುದನ್ನು ಕಲಿಯುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದ ಕೂಲಿಯವಳಿಗೆ, ಸಂಜೆ ಡೇರಿಗೆ ಹಾಲು ಹೊತ್ತವನಿಗೆ ಅದು ಎದುರಾದಾಗ, ಹೆದರಿಸಲು ಹಾಕಿದ ಈಡಿನ ಫಲ ಇನ್ನೊಬ್ಬರು ಉಣ್ಣುತ್ತಾರೆ. ಆಗ ‘ನನ್ನ ಮನಸ್ಸಿನಲ್ಲಿ ಕೊಲ್ಲುವ ಭಾವ ಇರಲಿಲ್ಲ’ ಎಂದರೆ ಅದು ಸುಳ್ಳಲ್ಲ. ಹಾಗೆಂದು ಉತ್ತರವೂ ಅಲ್ಲ.

ಕತ್ತಲಲ್ಲಿ ಸದ್ದಿಗೆ ಹೊಡೆಯುವುದೂ ಇದೇ ಜಾತಿಯದು. ದಶರಥ ಸರಯೂ ದಡದಲ್ಲಿ ನೀರು ಗುಟುಕರಿಸುವ ಸದ್ದು ಕೇಳಿ ಆನೆ ಎಂದು ಬಾಣ ಬಿಟ್ಟ. ಬಿದ್ದದ್ದು ಕುರುಡು ತಂದೆತಾಯಿಗೆ ನೀರು ತರಲು ಬಂದ ಹುಡುಗ. ಮುಸುಕಿನ ಜೋಳ ಆಳೆತ್ತರ ಬೆಳೆದ ರಾತ್ರಿಯಲ್ಲಿ ಅಟ್ಟಣೆಯ ಮೇಲೆ ಕೂತವನಿಗೆ ಹಂದಿ ನುಗ್ಗಿದ ಸದ್ದಿಗೂ ಪಕ್ಕದ ಹೊಲದವನು ನುಗ್ಗಿ ಬಂದ ಸದ್ದಿಗೂ ವ್ಯತ್ಯಾಸ ತಿಳಿಯುವುದಿಲ್ಲ. ದಶರಥನ ಮನಸ್ಸಿನಲ್ಲಿ ಹುಡುಗನನ್ನು ಕೊಲ್ಲುವ ಭಾವ ಇರಲಿಲ್ಲ ಎಂಬುದನ್ನು ರಾಮಾಯಣ ಒಪ್ಪುತ್ತದೆ, ಶಾಪವನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನನಗೆ ಇದರಿಂದ ತಿಳಿದದ್ದು ಇಷ್ಟು: ಸಂಕಲ್ಪ ಎಂದರೆ ಆ ಹೊತ್ತಿನ ಭಾವ ಒಂದೇ ಅಲ್ಲ. ಏನಾಗಬಹುದು ಎಂದು ತಿಳಿದುಕೊಳ್ಳಲು ಸಾಧ್ಯವಿದ್ದೂ ತಿಳಿದುಕೊಳ್ಳದೆ ಇರುವುದೂ ಅದರ ಭಾಗ. ತೋಟಾ ಕೊಳ್ಳುವಾಗ ಕೇಳಿ ತಿಳಿಯಲು ಬೇಕಾದಷ್ಟು ಸಮಯ ಇರುತ್ತದೆ. ಆನೆ ಎದುರು ನಿಂತಾಗ ಇರುವುದಿಲ್ಲ. ಹೊಣೆಯ ಭಾರ ಹೆಚ್ಚು ಬೀಳಬೇಕಾದದ್ದು ಸಮಯ ಇದ್ದ ಕಡೆಗೆ.

ಹಾಗಾದರೆ ಮಾರಿದವನು? ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರ ಇವೆ, ಒಂದಕ್ಕೊಂದು ಹೊಂದುವುದಿಲ್ಲ. ಅಂಗುತ್ತರ ನಿಕಾಯದಲ್ಲಿ ಬುದ್ಧ ಉಪಾಸಕನು ಮಾಡಬಾರದ ಐದು ವ್ಯಾಪಾರ ಪಟ್ಟಿ ಮಾಡುತ್ತಾನೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಮೊದಲನೆಯದೇ ನನ್ನ ಕಸುಬು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆದು ಬ್ಯಾರನ್ನಿನಲ್ಲಿ ಬೇಯಿಸಿ ಮಾರುವ ನಮ್ಮ ನೆಂಟರಿಷ್ಟರು ಕೊನೆಯದನ್ನು ಕೇಳಿ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಇನ್ನೊಂದು ಉತ್ತರ ಮಹಾಭಾರತದ ವನಪರ್ವದ್ದು. ಮಿಥಿಲೆಯ ಧರ್ಮವ್ಯಾಧ ಮಾಂಸದಂಗಡಿಯಲ್ಲಿ ಕೂತು ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮ ಹೇಳುತ್ತಾನೆ. ನಾನು ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತೇನೆ ಅನ್ನುತ್ತಾನೆ. ಅಲ್ಲಿಗೆ ನಿಲ್ಲದೆ ನೇಗಿಲಿನ ಮಾತು ಎತ್ತುತ್ತಾನೆ: ಉಳುವವನು ನೆಲದೊಳಗಿನ ಎಷ್ಟು ಜೀವ ಸಾಯಿಸುತ್ತಾನೆ, ನಡೆಯುವವನ ಕಾಲಡಿಯಲ್ಲಿ ಎಷ್ಟು ಸಾಯುತ್ತವೆ, ಹಿಂಸೆ ಮಾಡದವನು ಯಾರಿದ್ದಾನೆ?

ಅಂಗಡಿಯಲ್ಲಿದ್ದಷ್ಟು ಕಾಲ ನನಗೆ ಧರ್ಮವ್ಯಾಧನೇ ಇಷ್ಟವಾಗಿದ್ದ. ಹೊಲಕ್ಕೆ ಬಂದ ಮೇಲೆ ಅವನ ಮಾತಿನ ಇನ್ನೊಂದು ಮಗ್ಗುಲು ಕಾಣುತ್ತಿದೆ. ಮುಂಗಾರಿನ ಮೊದಲ ಉಳುಮೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿ ಸಾಲಾಗಿ ಬರುವುದು ಮಣ್ಣಿನಿಂದ ಎದ್ದ ಹುಳುವಿಗಾಗಿ. ಒಂದು ಸಲ ಇಲಿಯ ಗೂಡು ಸೀಳಿ ಕೆಂಪಗಿನ, ಕಣ್ಣು ಬಿಡದ ಮರಿಗಳು ಹೊರಗೆ ಬಿದ್ದವು. ನಾನು ಕೆಳಗಿಳಿಯುವ ಮೊದಲೇ ಹಕ್ಕಿ ಎತ್ತಿಕೊಂಡಾಗಿತ್ತು. ಡ್ರೈವರು ಹುಡುಗ ‘ಇದೆಲ್ಲ ನೋಡ್ಕಂಡ್ ಕೂತ್ರೆ ಆಯ್ತದಾ ಬುದ್ದೀ’ ಎಂದು ಗೇರು ಹಾಕಿದ. ಧರ್ಮವ್ಯಾಧ ಹೇಳಿದ್ದು ಸುಳ್ಳಲ್ಲ. ಆದರೆ ಎಲ್ಲರೂ ಹಿಂಸೆ ಮಾಡುತ್ತಾರೆ ಎಂಬುದು ಯಾವ ಹಿಂಸೆ ಆರಿಸಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಇಲಿಮರಿಯನ್ನು ನಾನು ಆರಿಸಿರಲಿಲ್ಲ. ಎಲ್‌ಜಿ ಕೇಳಿದವನು ಹಂದಿಯನ್ನು ಆರಿಸಿರುತ್ತಾನೆ. ಪೊಟ್ಟಣ ಕಟ್ಟಿ ಕೊಟ್ಟ ನನಗೂ ಅದು ಗೊತ್ತಿರುತ್ತದೆ. ಬುದ್ಧನ ಪಟ್ಟಿಯಲ್ಲಿ ಮಾರುವವನ ಹೆಸರು ಏಕೆ ಬಂತು ಎಂಬುದು ಅಂಗಡಿಯಲ್ಲಿ ನಿಂತವನಿಗೆ ಬೇಗ ಅರ್ಥವಾಗುತ್ತದೆ.

ನಮ್ಮ ಹೊಲದ ಬದಿಗೆ ಕ್ಯಾಂಪಿನ ಒಬ್ಬ ಮುದುಕರ ಜೋಳದ ಹೊಲ ಇದೆ. ಎಂಬತ್ತು ದಾಟಿದವರು. ಅವರ ಮಕ್ಕಳು ಕರೆಯುವಂತೆ ನಾವೂ ಪಾಲಾ ಎಂದೇ ಕರೆಯುತ್ತೇವೆ. 1972ರಲ್ಲಿ ಗುರುಪುರದಲ್ಲಿ ರಬ್ಗ್ಯೆಲಿಂಗ್ ವಸಾಹತು ಶುರುವಾದಾಗ ಬಂದವರಲ್ಲಿ ಒಬ್ಬರು. 1433ರಲ್ಲಿ ಟಿಬೆಟಿನಲ್ಲಿ ಹುಟ್ಟಿದ ಗ್ಯುದ್ಮೇದ್ ಮಠ ಡಾಲ್‌ಹೌಸಿಯಿಂದ ಇಲ್ಲಿಗೆ ಬಂದದ್ದೂ ಅದೇ ವರ್ಷ. ಪಾಲಾ ಹುಟ್ಟಿದ್ದು ಲಡಾಖಿನ ಗಡಿಯಾಚೆಯ ಚಾಂಗ್‌ಥಾಂಗಿನಲ್ಲಿ, ಕುರಿ ಮತ್ತು ಯಾಕ್ ಮೇಯಿಸುವ ಮನೆಯಲ್ಲಿ. ನಾನು ಕೋವಿ ಅಂಗಡಿಯಲ್ಲಿದ್ದೆ ಎಂದು ತಿಳಿದಾಗ ಅವರು ಕೇಳಿದ್ದು ತೋಳದ ವಿಚಾರವನ್ನೇ. ‘ನಮ್ಮ ಕಡೆ ತೋಳಕ್ಕೆ ಬಂದೂಕ ಬೇಡ ಗೌಡ್ರೇ, ಕಲ್ಲು ಸಾಕು’ ಎಂದು ಕಡ್ಡಿಯಿಂದ ಮಣ್ಣಿನಲ್ಲಿ ಗೀಚಿ ತೋರಿಸಿದರು. ನೆಲದಲ್ಲಿ ಗುಂಡಿ, ಸುತ್ತ ಕಲ್ಲಿನ ಗೋಡೆ. ಗೋಡೆ ಮೇಲಕ್ಕೆ ಹೋದಂತೆ ಒಳಕ್ಕೆ ಬಾಗಿರುತ್ತದೆ. ಒಳಗೆ ಒಂದು ಜೀವಂತ ಪ್ರಾಣಿ ಕಟ್ಟಿರುತ್ತಾರೆ. ತೋಳ ಹಾರಿ ಒಳಗೆ ಬೀಳುತ್ತದೆ, ಹಾರಿ ಹೊರಗೆ ಬರಲಾರದು. ಬೆಳಿಗ್ಗೆ ಊರಿನವರೆಲ್ಲ ಸುತ್ತ ನಿಂತು ಕಲ್ಲು ಎಸೆಯುತ್ತಾರೆ. ಲಡಾಖಿನಲ್ಲಿ ಇದಕ್ಕೆ ಶಾಂಗ್‌ದೊಂಗ್ ಎನ್ನುತ್ತಾರೆ.

‘ಬುದ್ಧನ ಜನ ಹೇಗೆ ಕೊಲ್ಲುತ್ತಿದ್ದಿರಿ ಪಾಲಾ?’ ಎಂದೆ. ‘ಎಲ್ಲರೂ ಎಸೀತಾರೆ. ಯಾರ ಕಲ್ಲಿಗೆ ಸತ್ತಿತು, ಯಾರಿಗೂ ಗೊತ್ತಿಲ್ಲ’ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ‘ಲಾಮಾಗಳು ಹಾಗೆ ಹೇಳಲ್ಲ. ಪುಸ್ತಕದಲ್ಲಿ ಹಾಗಿಲ್ಲ’ ಎಂದರು. ಅವರು ಹೇಳಿದ ಪುಸ್ತಕ ವಸುಬಂಧುವಿನ ಅಭಿಧರ್ಮಕೋಶ. ಬೈಲಕುಪ್ಪೆಯ ಸೆರಾ ಮಠದಲ್ಲಿ ಇಂದಿಗೂ ಚಪ್ಪಾಳೆ ತಟ್ಟಿ ತಟ್ಟಿ ವಾದ ಮಾಡುತ್ತ ಕಲಿಯುವ ಗ್ರಂಥಗಳಲ್ಲಿ ಅದೂ ಒಂದು. ಕೊಲ್ಲುವ ಒಂದೇ ಉದ್ದೇಶದಿಂದ ಹಲವರು ಕೂಡಿದಾಗ, ಸೈನ್ಯದಲ್ಲಿ ಆದಂತೆ, ಒಬ್ಬ ಕೊಂದರೂ ಪಾಪ ಎಲ್ಲರಿಗೂ ಪೂರ್ತಿ ಎಂದು ಅದರ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ನೂರು ಜನ ಹಂಚಿಕೊಂಡರೆ ನೂರರಲ್ಲಿ ಒಂದು ಭಾಗ ಆಗುವುದಿಲ್ಲ; ಪ್ರತಿಯೊಬ್ಬನ ಲೆಕ್ಕದಲ್ಲೂ ಒಂದು ಪೂರ್ತಿ ಕೊಲೆ ಬರೆಯಬೇಕು. ಕಲ್ಲಿನ ರಾಶಿಯಲ್ಲಿ ತನ್ನ ಕಲ್ಲನ್ನು ಅಡಗಿಸಿದವನಿಗೆ ವಸುಬಂಧು ಬಾಗಿಲು ಮುಚ್ಚಿದ್ದಾನೆ.

ಈ ಗುಂಡಿಗಳ ಮುಂದಿನ ಕತೆಯಲ್ಲಿ ಮೈಸೂರಿಗೂ ಒಂದು ಎಳೆ ಇದೆ. ಮೈಸೂರಿನಲ್ಲಿ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಲಡಾಖಿನ ಕುರಿಗಾಹಿಗಳ ಜೊತೆ ವರ್ಷಗಟ್ಟಲೆ ಮಾತಾಡಿದರು. ಚುಶೂಲ್ ಎಂಬಲ್ಲಿನ ಜನ ಶಾಂಗ್‌ದೊಂಗ್‌ಗಳನ್ನು ಕೆಡವಲಿಲ್ಲ. ಅವು ಅಜ್ಜಂದಿರು ಕಟ್ಟಿದವು. ಗೋಡೆಯ ಒಂದು ಕಡೆ ಕಲ್ಲು ತೆಗೆದು ತೋಳ ಹೊರಗೆ ಹೋಗುವಂತೆ ದಾರಿ ಮಾಡಿದರು. 2018ರಲ್ಲಿ ಪಕ್ಕದಲ್ಲೇ ಒಂದು ಸ್ತೂಪ ಕಟ್ಟಿದರು. ಪಾಲಾಗೆ ಇದನ್ನು ಹೇಳಿದಾಗ ಅವರು ಮೊದಲು ಕೇಳಿದ್ದು ಸ್ತೂಪದ ವಿಚಾರ ಅಲ್ಲ. ‘ಕುರಿಹಟ್ಟಿಗೆ ಮುಚ್ಚಳ ಹಾಕಿ ಕೊಟ್ಟರಾ?’ ಎಂದರು. ಆ ಸೀಮೆಯಲ್ಲಿ ಹಟ್ಟಿಗಳಿಗೆ ಮೇಲಿನಿಂದ ಬಲೆ ಹೊದಿಸಿ ಭದ್ರ ಮಾಡುವ ಕೆಲಸವೂ ನಡೆದಿದೆ ಎಂದೆ. ‘ಹಾಂ, ಹಾಗಾದರೆ ಸರಿ’ ಎಂದು ತಲೆಯಾಡಿಸಿದರು. ಸ್ತೂಪಕ್ಕೆ ಕೈಮುಗಿಯುವವರಿಗೂ ಹಟ್ಟಿಯ ಬಾಗಿಲು ನೆನಪಿರಬೇಕು ಎಂಬುದು ಪಾಂಡವಪುರದ ಕುರಿಗಾಹಿಯ ಮಾತಿಗೆ ಎಷ್ಟು ಹತ್ತಿರ!

ಪಾಲಾ ಹತ್ತಿರ ಕೋವಿ ಇಲ್ಲ. ನನ್ನ ಹತ್ತಿರ ಅಪ್ಪನಿಂದ ಬಂದ ಒಂಟಿ ನಳಿಗೆ ಇದೆ. ವನ್ಯಧಾಮದ 10 ಕಿಲೋಮೀಟರಿನೊಳಗೆ ಇರುವವರು ಕೋವಿಯನ್ನು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಬೇಕೆಂದು ಕಾಯ್ದೆಯ 34ನೇ ಕಲಮು. ಎಲೆಕ್ಷನ್ ಬಂದರೆ ಠಾಣೆಗೆ ಒಪ್ಪಿಸಿ ರಸೀತಿ ತರಬೇಕು. ಜೋಳ ಹಾಲುಗಾಳು ಕಟ್ಟಿದಾಗ ನಾವು ಸರದಿಯಲ್ಲಿ ಕಾವಲು ಕೂರುತ್ತೇವೆ. ಪಟಾಕಿ, ತಮಟೆ, ಟಾರ್ಚು, ಕೊನೆಗೆ ಆಕಾಶಕ್ಕೆ ಒಂದು ಈಡು. ಕಾವಲಿನ ಒಂದು ರಾತ್ರಿ ಪಾಲಾ ಬೆಂಕಿಯ ಹತ್ತಿರ ಜಪಮಾಲೆ ತಿರುವುತ್ತ ಕೂತಿದ್ದರು. ‘ಗೌಡ್ರೇ, ನಿಮ್ಮ ಈಡಿಗೆ ನನ್ನ ಜೋಳವೂ ಉಳೀತದೆ. ನಾನು ಕೈಯಲ್ಲಿ ಬಂದೂಕ ಹಿಡಿಯಲ್ಲ, ಮಾಲೆ ಹಿಡೀತೀನಿ. ನೀವು ಯಾವತ್ತಾದರೂ ಆನೆಗೆ ಹೊಡೆದರೆ ನನ್ನ ಪುಸ್ತಕದಲ್ಲೂ ಬರೀತಾರೆ. ಅದಕ್ಕೆ ಕೇಳ್ತೀನಿ, ಒಳಗೆ ಏನು ಹಾಕಿದ್ದೀರಿ?’ ಎಂದರು.

ನನ್ನ ಆಯುಷ್ಯದಲ್ಲಿ ಗಿರಾಕಿಗಳಿಗೆ ನಾನು ಕೇಳಿದ ಪ್ರಶ್ನೆಯನ್ನು ಒಬ್ಬ ಜಪಮಾಲೆಯವರು ನನಗೆ ತಿರುಗಿಸಿ ಕೇಳಿದ್ದರು. ನಾನು ಮದ್ದು ಮಾತ್ರ ಇರುವ, ಚರೆ ಇಲ್ಲದ ತೋಟಾ ತೆಗೆದು ತೋರಿಸಿದೆ. ಚರೆ ಇಲ್ಲದ ಈಡು ನಮ್ಮ ಸೀಮೆಗೆ ಹೊಸದೇನಲ್ಲ. ಕಾಡಿನ ಆಚೆ ಬದಿಯ ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಯಾರಾದರೂ ತೀರಿಕೊಂಡರೆ ಎರಡು ಈಡು ಹಾರಿಸುವ ಪದ್ಧತಿ ಇದೆ. ಅದು ಊರಿಗೆ ತಿಳಿಸುವ ಸದ್ದು, ಯಾವ ಪ್ರಾಣಿಯ ಮೇಲೂ ಅಲ್ಲ. ಕೋವಿಯನ್ನು ಬಿಸಾಡಿದರೆ ಮಾತ್ರ ಅಹಿಂಸೆ ಎಂದು ನನಗೆ ಅನ್ನಿಸುವುದಿಲ್ಲ. ಒಳಗೆ ಏನು ಹಾಕಿದ್ದೇವೆ ಎಂದು ಪಕ್ಕದವನು ಕೇಳಿದಾಗ ತೆಗೆದು ತೋರಿಸುವಂತಿದ್ದರೆ ಸಾಕು. ಪಾಲಾ ಆ ತೋಟಾ ಬೆಂಕಿಯ ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಚರೆಯ ಸದ್ದು ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಹಿಂದಕ್ಕೆ ಕೊಟ್ಟರು.

ವಸುಬಂಧುವಿನ ಮಾತನ್ನು ಇನ್ನೂ ಸ್ವಲ್ಪ ದೂರ ಎಳೆಯಬೇಕು ಎಂದು ನನಗೆ ಕಾಣುತ್ತದೆ. ಒಂದೇ ಉದ್ದೇಶಕ್ಕೆ ಕೂಡಿದವರಿಗೆಲ್ಲ ಪಾಪ ಪೂರ್ತಿ ಸಲ್ಲುವುದಾದರೆ, ಉಳಿಸುವ ಉದ್ದೇಶಕ್ಕೆ ಕೂಡಿದವರಿಗೆಲ್ಲ ಅದರ ಖರ್ಚೂ ಪೂರ್ತಿ ಸಲ್ಲಬೇಕು. ಕಾಡು ಉಳಿಯಲಿ, ಹುಲಿ ಆನೆ ಉಳಿಯಲಿ, ಮೇಲುಕೋಟೆಯಲ್ಲಿ ತೋಳ ಊಳಿಡಲಿ ಎಂದು ಬಯಸುವವರು ಮೈಸೂರು, ಬೆಂಗಳೂರಿನಲ್ಲಿ ಲಕ್ಷಾಂತರ ಜನ ಇದ್ದಾರೆ. 2023ರ ಗಣತಿಯಲ್ಲಿ ರಾಜ್ಯದಲ್ಲಿ 6,395 ಆನೆ, ದೇಶಕ್ಕೇ ಮೊದಲು ಎಂದು ಪೇಪರಿನಲ್ಲಿ ಬಂದಾಗ ಹೆಮ್ಮೆ ಎಲ್ಲರಿಗೂ ಆಯಿತು. ಆ ಆನೆಗಳು ತಿಂದ ಜೋಳ ಮಾತ್ರ ಕಾಡಂಚಿನ ಕೆಲವೇ ಹಳ್ಳಿಗಳದು. ವೀರನಹೊಸಹಳ್ಳಿ ಕಡೆ ಹಳೆಯ ರೈಲು ಕಂಬಿಯ ತಡೆ ಹಾಕಿದ ಮೇಲೆ ಆ ಮಗ್ಗುಲಿನ ರೈತರಿಗೆ ನಿದ್ದೆ ಬಂದಿದೆ. ಕಂಬಿ ಇಲ್ಲದ ಕಡೆ ಕೋವಿಯ ಯೋಚನೆ ಬರುತ್ತದೆ. ಒಂದು ಕಿಲೋಮೀಟರು ಕಂಬಿ ಹಾಕಿದರೆ ಎಷ್ಟು ತೋಟಾ ಅಂಗಡಿಯಲ್ಲೇ ಉಳಿಯುತ್ತವೆ ಎಂಬುದನ್ನು ನನ್ನಂಥ ಮಾರಾಟಗಾರ ಹೇಳಬಲ್ಲ.

ಕುರಿ ಕಳೆದುಕೊಂಡವನು, ಜೋಳ ಕಳೆದುಕೊಂಡವನು ಎಲ್‌ಜಿ ಕೇಳಿದಾಗ ಅವನ ಸಂಕಲ್ಪ ಒಂದೇ ತಪ್ಪು ಎಂದು ಬರೆದು ಮುಗಿಸುವುದು ಸುಲಭ. ಅವನು ಆ ನಂಬರಿಗೆ ಬಂದು ನಿಲ್ಲುವವರೆಗೆ ಅವನ ಪಾಲಿನ ನಷ್ಟದಲ್ಲಿ ತಮ್ಮ ಪಾಲು ಕೊಡದೆ ಇದ್ದವರೂ ಆ ಈಡಿಗೆ ಕೂಡಿದವರೇ. ಜನ್ನನ ರಾಜ ಹಿಟ್ಟಿನ ಕೋಳಿಗೆ ಒಪ್ಪಿದ್ದು ತಾಯಿಯ ಒತ್ತಾಯಕ್ಕೆ. ಶಿಕ್ಷೆ ಇಬ್ಬರಿಗೂ ಬಂತು. ಕಾಡಂಚಿನ ರೈತನ ಕೋವಿಗೆ ಎಲ್‌ಜಿ ಬೇಡ ಎಂದು ಹೇಳುವ ಹಕ್ಕು ನಮಗೆಲ್ಲ ಇದೆ. ಆ ಹಕ್ಕು ಇಟ್ಟುಕೊಳ್ಳಬೇಕಾದರೆ ಕಂಬಿಗೆ, ಕಂದಕಕ್ಕೆ, ಹಟ್ಟಿಯ ಬಲೆಗೆ, ಸಕಾಲಕ್ಕೆ ಸಿಗುವ ಬೆಳೆ ಪರಿಹಾರಕ್ಕೆ ಹಣ ಕೊಡಬೇಕು. ಅಷ್ಟು ಆದ ಮೇಲೂ ಒಬ್ಬ ಬಂದು ಎಲ್‌ಜಿ ಕೇಳಿದರೆ, ಆಗ ಪಾಪ ಅವನೊಬ್ಬನದೇ ಎಂದು ನಾನು ಧಾರಾಳವಾಗಿ ಹೇಳುತ್ತೇನೆ.